ಗುಂಪಿನಲ್ಲಿ ‘ಸರ್’ ಹೋಗಿ ‘ರೀ’ ಬಂದದ್ದು

ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಬಾಗಿಲು ಹಾಕುತ್ತವೆ. ಊರಿಗೆ ಹೊಸದಾಗಿ ಬಂದವರು ಇದಕ್ಕೆ ಗೊಣಗುತ್ತಾರೆ. ನನ್ನ ಬದುಕಿನ ಒಂದು ದೊಡ್ಡ ಖುಷಿ ಶುರುವಾದದ್ದೇ ಆ ಮೂರು ತಾಸಿನಲ್ಲಿ, ಅರ್ಧ ಇಳಿಸಿದ ಶಟರಿನ ಹಿಂದೆ.

ನಾನು ಆಗ ಸದಾಶಿವ ಪೇಟೆಯ ಹಳೇ ವಾಡೆ ಮನೆಯೊಂದರಲ್ಲಿದ್ದ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ವಾಸ್ತುಶಾಂತಿಯ ಆಮಂತ್ರಣ, ಮಹಿಳಾ ಮಂಡಳಿಯ ವರದಿ, ಏನು ಬಂದರೂ ಟೈಪು ಮಾಡಿ ಪ್ರೆಸ್ಸಿಗೆ ಕಳಿಸುವುದು. ಮರಾಠಿ ಟೈಪು ಮಾಡುವವರು ಬೀದಿಗೆ ಹತ್ತು ಮಂದಿ ಇದ್ದರು. ಕನ್ನಡ ಮಾಡುವವಳು ನಾನೊಬ್ಬಳೇ. ಹಾಗಾಗಿ ಮಾರ್ಕೆಟ್ ಯಾರ್ಡಿನ ವಿಜಾಪುರ, ಬಾಗಲಕೋಟೆ ಕಡೆಯ ವ್ಯಾಪಾರಸ್ಥರು ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಅಂಗಡಿಯ ಒಡತಿ ಅರವತ್ತು ದಾಟಿದ ಮರಾಠಿ ಹೆಂಗಸು. ಗಿರಾಕಿಗಳೂ ನಾನೂ ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಊಟ ಮುಗಿಸಿ ಒಳಕೋಣೆಯಲ್ಲಿ ಮಲಗಿದರೆಂದರೆ ಆಕಾಶ ಬಿದ್ದರೂ ನಾಲ್ಕರವರೆಗೆ ಏಳುತ್ತಿರಲಿಲ್ಲ. ನನ್ನ ಮನೆ ಖಡಕಿಯಲ್ಲಿ. ನಡುವೆ ಮನೆಗೆ ಹೋಗಿ ಬರಲು ಬಸ್ಸಿನಲ್ಲೇ ಎರಡು ತಾಸು ಹೋಗುತ್ತಿತ್ತು. ಹೀಗಾಗಿ ನಾನು, ಕಂಪ್ಯೂಟರು, ಮೇಲೆ ಗರಗರ ತಿರುಗುವ ಫ್ಯಾನು, ನಾವು ಮೂವರೇ ಉಳಿಯುತ್ತಿದ್ದೆವು.

ನನ್ನ ಕನ್ನಡ ಶಾಲೆಯದ್ದಲ್ಲ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ, ಒಣಮೆಣಸಿನಕಾಯಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವ್ವ ಮನೆಯಲ್ಲಿ ಅಕ್ಷರ ತಿದ್ದಿಸಿದಳು. ಅದನ್ನು ಬಳಸಲು ಕಲಿಸಿದವರು ಯಾರ್ಡಿನ ಹಮಾಲರು. ಮೂಟೆ ಹೊತ್ತು ಮುಗಿಸಿ ನೆರಳಲ್ಲಿ ಕೂತು ಊರಿಗೆ ಪತ್ರ ಬರೆಸುತ್ತಿದ್ದರು. ಬರೆದ ಮೇಲೆ ಓದಿ ಹೇಳಬೇಕು. “ತಂಗೀ, ಇದು ನಾ ಅಂದಂಗ ಇಲ್ಲವಾ, ನಮ್ಮವ್ವಗ ತಿಳಿಯಂಗಿಲ್ಲ” ಎಂದರೆ ಹರಿದು ಇನ್ನೊಮ್ಮೆ ಬರೆಯಬೇಕು. ಕೇಳುವವರಿಗೆ ತಿಳಿಯದ ಮಾತು ಬರೆದರೆ ಅದು ಬರೆದಂತೆಯೇ ಅಲ್ಲ ಎಂಬುದು ಹತ್ತು ವರ್ಷ ತುಂಬುವ ಮೊದಲೇ ನನಗೆ ಗೊತ್ತಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು. ತನ್ನದೇ ಲಗ್ನಪತ್ರಿಕೆ ಮಾಡಿಸಲು ಬಂದ ಮದುಮಗನೊಬ್ಬ ನಾನು ಟೈಪು ಮಾಡುವ ವೇಗ ನೋಡಿ, ಕಂಪ್ಯೂಟರಿನ ಪರದೆಯ ಮೇಲಿನ ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡಕ್ಕೆ ತರುವ ಒಂದು ಗುಂಪು ಇಂಟರ್‌ನೆಟ್‌ನಲ್ಲಿದೆ ಎಂದು ಹೇಳಿದ. ಸಂಬಳವಿಲ್ಲ, ಆಫೀಸಿಲ್ಲ, ಯಾರು ಬೇಕಾದರೂ ಕೈಜೋಡಿಸಬಹುದು. ಒಬ್ಬರು ಬರೆದ ಇ-ಮೇಲ್ ಎಲ್ಲರಿಗೂ ಹೋಗುತ್ತದೆ, ಎಲ್ಲರೂ ಸೇರಿ ಒಂದೊಂದು ಪದ ಗಟ್ಟಿ ಮಾಡುತ್ತಾರೆ. ಅವತ್ತು ಮಧ್ಯಾಹ್ನವೇ ನಾನು ಸೇರಿಕೊಂಡೆ. ಹೆಸರಿನ ಜಾಗದಲ್ಲಿ ಎರಡು ಇನಿಶಿಯಲ್ಲು, ಮುಂದೆ ಅಡ್ಡಹೆಸರು. ಬ್ಯಾಂಕಿನಲ್ಲೂ ಹಾಗೇ ಬರೆಯುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಮರುದಿನ ಉತ್ತರ ಬಂತು: “ಸ್ವಾಗತ ಸರ್.”

ತಿದ್ದಬೇಕೆನಿಸಿತು. ಇರಲಿ ಬಿಡು, ಇದರಿಂದ ಯಾರಿಗೇನು ನಷ್ಟ ಎಂದುಕೊಂಡು ಸುಮ್ಮನಾದೆ.

ಆರು ತಿಂಗಳು ಸರ್ ಆಗಿದ್ದೆ. ಆ ಆರು ತಿಂಗಳು ಬಹಳ ಚೆನ್ನಾಗಿದ್ದವು. ‘ಸಂರಕ್ಷಿಸು’ ಬೇಡ, ‘ಉಳಿಸು’ ಸಾಕು ಎಂದೆ. ಒಪ್ಪಿದರು. ‘ನಿರ್ಮೂಲನಗೊಳಿಸು’ ಎಂದು ಯಾರೋ ಬರೆದಿದ್ದರು. ಒಂದು ಚಿತ್ರ ತೆಗೆಯಲು ಅಷ್ಟು ದೊಡ್ಡ ಮಾತೇಕೆ, ‘ಅಳಿಸು’ ಎನ್ನೋಣ ಎಂದೆ. ಅದಕ್ಕೂ ಒಪ್ಪಿದರು. ಗುಂಪನ್ನು ನಡೆಸುತ್ತಿದ್ದವರು ಬೆಂಗಳೂರಿನ ಒಬ್ಬ ಇಂಜಿನಿಯರು. “ಸರ್, ನಿಮ್ಮ ಕನ್ನಡ ಕಲ್ಲುಸಕ್ಕರೆ” ಎಂದು ಅವರು ಬರೆದ ದಿನ ನಾನು ಬಸ್ಸು ಬದಲಿಸಲು ಶಿವಾಜಿನಗರದಲ್ಲಿ ಇಳಿಯುವುದನ್ನು ಮರೆತು ಮುಂದೆ ಹೋಗಿದ್ದೆ. ನನ್ನನ್ನು ಹೆದರಿಸುತ್ತಿದ್ದವರು ಗುಂಪಿನಲ್ಲಿ ಒಬ್ಬರೇ. ಒಂದು ಒತ್ತಕ್ಷರ ತಪ್ಪಿದರೂ ಎರಡು ಪುಟ ವ್ಯಾಕರಣ ಬರೆಯುತ್ತಿದ್ದ ಅವರಿಗೆ ಎಲ್ಲರೂ ವ್ಯಾಕರಣದ ಸರ್ ಎಂದೇ ಹೆಸರಿಟ್ಟಿದ್ದರು.

ತೊಡಕು ಬಂದದ್ದು ಸಭೆಯಿಂದ. ಪ್ರತಿ ಗುರುವಾರ ಸಂಜೆ ಎಂಟಕ್ಕೆ ಎಲ್ಲರೂ ಒಂದೇ ಹೊತ್ತಿಗೆ ಚಾಟ್‌ನಲ್ಲಿ ಸೇರಿ ಪದಗಳನ್ನು ತೀರ್ಮಾನಿಸುತ್ತಿದ್ದರು. ನಾನು ಒಮ್ಮೆಯೂ ಹೋಗಿರಲಿಲ್ಲ. ಸರ್ ಯಾಕೆ ಬರಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಕೊನೆಗೊಮ್ಮೆ ಇದ್ದದ್ದನ್ನೇ ಬರೆದೆ: “ಎಂಟಕ್ಕೆ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ.” ನಗುವ ಚಿತ್ರಗಳು ಬಂದವು. ಹೆಂಡತಿ ಊರಿಗೆ ಹೋಗಿದ್ದಾರಾ ಎಂದು ಒಬ್ಬರು ಕೇಳಿದರು. “ನಾನೇ ಹೆಂಡತಿ” ಎಂದು ಬರೆದೆ.

ಮರುದಿನದಿಂದ ಎಲ್ಲವೂ ಬೇರೆಯಾಯಿತು. ಆರು ತಿಂಗಳು ಯಾರೂ ಮುಟ್ಟದ ನನ್ನ ಪದಗಳನ್ನು ಮೂವರು ತಿದ್ದತೊಡಗಿದರು, ‘ಉಳಿಸು’ವನ್ನೂ ಸೇರಿಸಿ. ಮೇಡಂಗೆ ಕಷ್ಟದ ಭಾಗ ಬೇಡ, ಇಸ್ಪೀಟಿನ ಆಟದ ಭಾಗ ಕೊಡೋಣ ಎಂದು ಒಬ್ಬರು ದೊಡ್ಡ ಮನಸ್ಸು ಮಾಡಿದರು. ಮನೆಯವರು ಒಪ್ಪಿದ್ದಾರಾ ಎಂದು ಇನ್ನೊಬ್ಬರ ಕಾಳಜಿ. ನಾಲ್ಕೈದು ಜನ ಗುಂಪಿಗೆ ಕಾಣದಂತೆ ನನಗೊಬ್ಬಳಿಗೇ ಬರೆದರು. ವಯಸ್ಸೆಷ್ಟು, ಫೋಟೊ ಇದೆಯಾ. ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ನನ್ನ ಇ-ಮೇಲ್‌ಗಳ ಕೆಳಗೆ ಅಂಗಡಿಯ ವಿಳಾಸ, ಫೋನು ನಂಬರು ತಾನಾಗಿ ಬರುತ್ತಿತ್ತು, ಗಿರಾಕಿಗಳಿಗೆಂದು ಕಾಕು ಹಾಕಿಸಿದ್ದು. ಗುಂಪಿನವನೇ ಒಬ್ಬ ಗಂಡಸು, ಹೆಸರನ್ನೂ ಹೇಳಿದ. ಎರಡು ಮಾತು ಪದಗಳ ಬಗ್ಗೆ ಆಡಿ, ದನಿ ತಗ್ಗಿಸಿ ಕೇಳಿದ: “ಮೇಡಂ, ಮಧ್ಯಾಹ್ನ ಅಂಗಡೀಲಿ ನೀವೊಬ್ಬರೇ ಇರ್ತೀರಾ?”

ಫೋನು ಇಟ್ಟೆ. ಎದ್ದು ಹೋಗಿ ಶಟರನ್ನು ಪೂರ್ತಿ ಇಳಿಸಿದೆ. ಆ ಮೇಲೆ ಗುಂಪಿನ ಪತ್ರಗಳನ್ನು ತೆರೆಯುವುದನ್ನೇ ಬಿಟ್ಟೆ.

ವಾರ ಕಳೆದ ಮೇಲೆ ನನ್ನ ಗಂಡನಿಗೆ ಹೇಳಿದೆ. ಅವರು ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರು, ಮಾತು ಕಡಿಮೆ. ತಾಟಿನಿಂದ ಕೈ ತೆಗೆದು, “ಅಂವ ಯಾರು ಹೇಳು, ಹೋಗಿ ನೋಡ್ಕೊಂಡ ಬರ್ತೀನಿ” ಎಂದರು.

“ಯಾವ ಊರಾಂವ ಅಂತನ ಗೊತ್ತಿಲ್ಲ. ಎಲ್ಲಿ ಹೋಗಿ ನೋಡ್ತೀರಿ?”

“ಹಂಗಾರ ಬಿಟ್ಟಬಿಡು ಅತ್ಲಾಗ. ಪಗಾರ ಇಲ್ಲ ಏನಿಲ್ಲ, ಯಾಕ ಬೇಕು ಈ ಉಸಾಬರಿ?”

ನಾನು ಆಗಲೇ ಬಿಟ್ಟಿದ್ದೆ. ಆದರೂ ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ತಪ್ಪು ಮಾಡಿದವನು ಆರಾಮಾಗಿ ಗುಂಪಿನಲ್ಲಿ ಕೂತಿದ್ದಾನೆ, ನಾನೇಕೆ ಎದ್ದು ಬರಬೇಕು? ಸಿಟ್ಟೇನೋ ಬಂತು. ಆದರೆ ಮುಂದೆ ಏನು ಮಾಡಬೇಕೆಂದು ಹೊಳೆಯದೆ ಮತ್ತೆ ಹತ್ತು ದಿನ ಹಾಗೇ ಹೋದವು. ಮಧ್ಯಾಹ್ನದ ಹೊತ್ತು ಕಂಪ್ಯೂಟರು ಮುಚ್ಚಿ ಶೇಂಗಾ ಸುಲಿಯುತ್ತ ಕೂರುತ್ತಿದ್ದೆ.

ಒಂದು ಶನಿವಾರ, ಎರಡೂವರೆ ಇರಬೇಕು, ಯಾರೋ ಶಟರು ಬಡಿದರು. ಆ ಫೋನಿನ ದನಿಯೇ ನೆನಪಾಯಿತು. ಕಾಗದ ಕತ್ತರಿಸಲು ಇಟ್ಟಿದ್ದ ಉಕ್ಕಿನ ಪಟ್ಟಿಯನ್ನು ಕೈಗೆ ತೆಗೆದುಕೊಂಡು, “ಕೋಣ್ ಆಹೇ?”, ಯಾರದು, ಎಂದು ಮರಾಠಿಯಲ್ಲಿ ಗಡುಸಾಗಿ ಕೇಳಿದೆ.

“ಇಲ್ಲಿ ಕನ್ನಡ ಟೈಪ್ ಮಾಡೋರು ಇದಾರಾ?” ಹುಡುಗಿಯ ದನಿ, ಅದೂ ಮೈಸೂರು ಕಡೆಯ ಕನ್ನಡ.

ಶಟರು ಎತ್ತಿದೆ. ಪುಣೆಯ ಹುಡುಗಿಯರು ಸ್ಕೂಟರಿನ ಮೇಲೆ ಹೋಗುವಾಗ ಮುಖಕ್ಕೆ ಓಢಣಿ ಸುತ್ತಿಕೊಳ್ಳುತ್ತಾರಲ್ಲ, ಹಾಗೆ ಬರೀ ಕಣ್ಣು ಕಾಣುವಂತೆ ಸುತ್ತಿಕೊಂಡ ಒಬ್ಬಳು ನಿಂತಿದ್ದಳು. ಓಢಣಿ ಬಿಚ್ಚಿದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

“ಹೊಡೀಬೇಡಿ ಅಕ್ಕ. ನಿಮ್ಮ ಮೇಲ್ ಕೆಳಗೆ ಅಡ್ರೆಸ್ ಇತ್ತು, ಅದಕ್ಕೇ ಬಂದೆ. ನಿಮ್ಮ ‘ಹುಡುಕು’ ಅನ್ನೋ ಪದದ ಮೇಲೆ ಎರಡು ಪುಟ ಬರೆದಿದ್ದು ನಾನೇ.”

ಎರಡು ಪುಟ ಬರೆಯುವವರು ಗುಂಪಿನಲ್ಲಿ ಒಬ್ಬರೇ. “ವ್ಯಾಕರಣದ ಸರ್ ಏನವಾ ನೀನು?”

“ಹೂಂ. ನಾನೂ ಸರ್ ಅಲ್ಲ ಅಕ್ಕ.”

ನಾನು ಪಟ್ಟಿ ಕೆಳಗಿಟ್ಟು ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಕುರ್ಚಿಯಲ್ಲಿ ಕೂತುಬಿಟ್ಟೆ. ಅಷ್ಟು ತಿಂಗಳು ನಾನು ಧೋತರ ಉಟ್ಟು ನಶ್ಯ ಏರಿಸುವ ನಿವೃತ್ತ ಮಾಸ್ತರರನ್ನು ಕಲ್ಪಿಸಿಕೊಂಡು ಹೆದರಿದ್ದೆ! ಅವಳೂ ನಗತೊಡಗಿದಳು. ಸದ್ದಿಗೆ ಕಾಕು ಎದ್ದು ಬಂದರು. ಮರಾಠಿಯಲ್ಲಿ ಎಲ್ಲ ಹೇಳಿದೆ. ಫೋನಿನ ವಿಷಯವನ್ನೂ ಹೇಳಿದೆ, ಅದನ್ನು ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಕಾಕು ಪೂರ್ತಿ ಕೇಳಿಕೊಂಡರು. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿರುವವಳು ತಾನೇ ಆದರೂ ಕಾಗದದ ವ್ಯಾಪಾರಿಗಳು ಇವತ್ತಿಗೂ ‘ಮಾಲಕ ಎಲ್ಲಿ’ ಎಂದು ತನ್ನನ್ನೇ ಕೇಳುತ್ತಾರೆ ಎಂದರು. ಆ ಮೇಲೆ ತಾವೇ ಚಹಾಕ್ಕಿಟ್ಟರು. ಮಧ್ಯಾಹ್ನ ಮೂರಕ್ಕೆ ಕಾಕು ಎಚ್ಚರವಿದ್ದು ಚಹಾ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಡುಗಿ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು, ಔಂಧದಲ್ಲಿ ಕೋಣೆ ಮಾಡಿಕೊಂಡಿದ್ದಳು. ಅಜ್ಜನಿಂದ ವ್ಯಾಕರಣ ಕಲಿತವಳು. ಚಹಾ ಕುಡಿಯುತ್ತ, “ನಂಗೂ ಮೊದಲ ದಿನಾನೇ ಸರ್ ಅಂದ್ರು. ಸರ್ ಆಗಿದ್ರೆ ಯಾರೂ ಎದುರು ಮಾತಾಡಲ್ಲ ಅಕ್ಕ, ಹಾಯಾಗಿತ್ತು. ನಿಮ್ಮ ಪದಗಳನ್ನ ಅವರು ಕೆಡಿಸ್ತಾ ಇದ್ದಾಗ ನೋಡ್ತಾ ಇದ್ದೆ. ಬಾಯಿ ಬಿಟ್ರೆ ನಂದೂ ಬಯಲಾಗತ್ತೆ ಅಂತ ಸುಮ್ನಿದ್ದೆ. ಆಮೇಲೆ ನೀವು ಬರೋದೇ ನಿಂತುಹೋಯ್ತು. ನಾಚಿಕೆ ಆಯ್ತು” ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಸುಲಿದಿಟ್ಟ ಶೇಂಗಾ ಅವಳ ಮುಂದೆ ಸರಿಸಿದೆ. ಅದಕ್ಕಿಂತ ಹೆಚ್ಚಿನ ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಮರುದಿನ ಭಾನುವಾರ ಅವಳು ಖಡಕಿಯ ನಮ್ಮ ಮನೆಗೆ ಬಂದಳು. ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಗುಂಪಿಗೆ ಒಂದು ಪತ್ರ ಬರೆದೆವು. ನನ್ನ ಮೊದಲ ಕರಡು ಬರೀ ಬೈಗುಳವಾಗಿತ್ತು. ಅವಳದ್ದು ವಕೀಲರ ನೋಟಿಸಿನಂತಿತ್ತು. ಎರಡನ್ನೂ ಹರಿದು, ಆ ಫೋನಿನ ಮಾತೊಂದನ್ನು ಬಿಟ್ಟು ನಮಗೆ ಏನಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಬರೆದೆವು. ಅವಳು ತಾನು ಸರ್ ಅಲ್ಲವೆಂದು ಹೇಳಿಕೊಂಡಳು. ಕೆಲಸದ ಮಾತನ್ನು ಎಲ್ಲರೆದುರಿಗೇ ಆಡಿ, ನಮ್ಮ ಪೆಟ್ಟಿಗೆಗೆ ಗುಟ್ಟಾಗಿ ಬರೆಯಬೇಡಿ ಎಂದು ಕೇಳಿದೆವು. ಪದ ತಿದ್ದಿದರೆ ಯಾಕೆ ತಿದ್ದಿದಿರೆಂದು ಒಂದು ಸಾಲು ಬರೆಯಿರಿ ಎಂದೆವು. ಸಭೆಯ ಹೊತ್ತು ಎಲ್ಲ ಮನೆಗಳಲ್ಲಿ ಒಲೆ ಉರಿಯುವ ಹೊತ್ತು ಎಂಬುದನ್ನು ನೆನಪಿಸಿದೆವು. ಇಷ್ಟು ಬರೆದು ಮುಗಿಸುವಾಗ ಪಕ್ಕದಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡ, “ಗುರುವಾರಕ್ಕೊಮ್ಮೆ ಬೇಕರಿ ಪಾವ್ ತಿಂತೀನಿ ತಗೋ, ನೀ ಸಭಾಕ್ಕ ಹೋಗು” ಎಂದರು.

“ನೀವು ಪಾವ್ ತಿಂದ್ರ ನಾ ಒಬ್ಬಾಕಿ ಹೋದೆ. ಉಳಿದ ಊರಾಗಿನ ಹೆಣ್ಮಕ್ಕಳ ರೊಟ್ಟಿ ಯಾರು ಬಡೀಬೇಕ್ರಿ?” ಎಂದೆ. ಅವರು ಪೇಪರು ಮಡಚಿ, ಆ ಮಾತನ್ನೂ ಪತ್ರದಲ್ಲಿ ಬರಿ ಎಂದರು. ಬರೆದೆವು.

ಪತ್ರ ಹೋದ ಎರಡನೇ ದಿನ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಹಗುರಾಗುತ್ತದೆ. ರಾಯಚೂರಿನಿಂದ ಇನ್ನೊಬ್ಬ ‘ಸರ್’ ಬರೆದರು: ತಾನು ಶಾಲೆಯ ಟೀಚರು, ಹೆಂಗಸು. ಸಂಜೆಯೊಳಗೆ ಹುಬ್ಬಳ್ಳಿಯಿಂದ ಮತ್ತೊಬ್ಬ ‘ಸರ್’. ಆಕೆ ಬ್ಯಾಂಕಿನಲ್ಲಿ ಕೆಲಸ. ನಾವು ಅಲ್ಲಿಗೆ ನಾಲ್ವರಾದೆವು. ಇದು ಕೆಲಸದ ಜಾಗ, ಇಲ್ಲಿ ಗಂಡು ಹೆಣ್ಣಿನ ಮಾತೇಕೆ, ಸಾಮರ್ಥ್ಯ ಇದ್ದವರು ತಾವಾಗಿ ಬರುತ್ತಾರೆ ಎಂದು ಒಬ್ಬ ಮಹಾಶಯರು ಉಪದೇಶ ಮಾಡಿದರು. ಅದಕ್ಕೆ ರಾಯಚೂರಿನ ಟೀಚರು ಉತ್ತರಿಸಿದರು: “ಬಂದಿದ್ದೆವಲ್ಲ. ನಾಲ್ವರು ಮೀಸೆ ಅಂಟಿಸಿಕೊಂಡು ನಿಮ್ಮ ಪಕ್ಕದಲ್ಲೇ ಕೂತಿದ್ದೆವು. ನೀವು ಹೊಗಳುತ್ತಲೂ ಇದ್ದಿರಿ.”

ಬೆಂಗಳೂರಿನಿಂದ ಗುಂಪು ನಡೆಸುವ ಇಂಜಿನಿಯರು ಅಂಗಡಿಗೆ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಆದರೆ ನೊಂದಿದ್ದರು.

“ಮೇಡಂ, ನಾವು ಯಾರಿಗೂ ಬರಬೇಡಿ ಅಂತ ಹೇಳಿಲ್ವಲ್ಲ?”

“ಬರ್ರಿ ಅಂತನೂ ಅಂದಿಲ್ಲಲ್ರಿ.”

ನಾನು ಆ ಫೋನಿನವನ ವಿಷಯ ಬಿಡಿಸಿ ಹೇಳಿದೆ. ಪತ್ರದಲ್ಲಿ ಅದನ್ನು ಬರೆದಿರಲಿಲ್ಲ.

“ಅಯ್ಯೋ ಮೇಡಂ. ಅವತ್ತೇ ನಂಗೆ ಯಾಕೆ ಹೇಳ್ಲಿಲ್ಲ?”

“ನಿಮಗ ಹೇಳಬೇಕು ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಗುಂಪಿಗೆ ಬರದ್ರ ಅಂವಗೂ ಹೋಗತದ. ನಿಮಗ ಬರದ್ರ ನೀವು ಯಾರ ಕಡೆ ಅಂತ ಗೊತ್ತಿಲ್ಲ. ಇಂಥದಾದ್ರ ಇವರಿಗೆ ಹೇಳ್ರಿ ಅಂತ ಎಲ್ಲೆರ ಬರದೀರೇನು?”

“ಇಲ್ಲ” ಎಂದರು. ಮತ್ತೆ ತಾವೇ, “ಇದು ನಮಗೆ ಹೊಳೀಲೇ ಇಲ್ಲ” ಎಂದರು. ಆ ಮಾತು ನನಗೆ ಹಿಡಿಸಿತು. ಸಬೂಬು ಹೇಳಬಹುದಿತ್ತು, ಹೇಳಲಿಲ್ಲ. ಅವತ್ತು ಸಂಜೆಯೇ ಆ ಮನುಷ್ಯನಿಗೆ ಬರೆದು ಕಾರಣ ಕೇಳಿದರು. ಅವನು ತಮಾಷೆಗೆ ಕೇಳಿದ್ದೆ ಎಂದನಂತೆ. ತಮಾಷೆ ಇಲ್ಲಿ ಬೇಡವೆಂದು ಗುಂಪಿನಿಂದ ತೆಗೆದುಹಾಕಿದರು. ಇನ್ನು ಮುಂದೆ ಯಾರಿಗೇ ಇಂಥದ್ದಾದರೂ ರಾಯಚೂರಿನ ಟೀಚರಿಗಾಗಲಿ ತಮಗಾಗಲಿ ನೇರವಾಗಿ ಬರೆಯಬಹುದು, ಹೇಳಿದವರ ಹೆಸರು ಹೊರಬೀಳುವುದಿಲ್ಲ ಎಂದು ಗುಂಪಿನ ಮೊದಲ ಪುಟದಲ್ಲೇ ಹಾಕಿದರು. ಸಭೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಬಂತು. ಹೊಸಬರಿಗೆಂದು ಒಂದು ಪುಟವನ್ನು ನಮ್ಮ ವ್ಯಾಕರಣದ ಹುಡುಗಿ ಬರೆದಳು. ನಾನು ಅದನ್ನು ಹಮಾಲರ ಪತ್ರದಂತೆ ಗಟ್ಟಿಯಾಗಿ ಓದಿ, ತಿಳಿಯದ ಕಡೆಯೆಲ್ಲ ಹರಿದುಹಾಕಿಸಿ ಮತ್ತೆ ಬರೆಸಿದೆ. ಮೂರು ಸಲ ಬರೆದಳು ಪಾಪ. ಅಲ್ಲಿ ಮೊದಲ ಸಾಲು ಹೀಗಿತ್ತು: “ನಿಮಗೆ ಬರುವಷ್ಟು ಕನ್ನಡ ಸಾಕು, ಬನ್ನಿ.”

ಒಂದು ತಂಟೆ ಮಾತ್ರ ಉಳಿಯಿತು. ಸರ್ ಎನ್ನಬಾರದು ಎಂದಾದರೆ, ಮುಖ ಕಾಣದವರನ್ನು ಏನೆಂದು ಕರೆಯುವುದು? ಒಬ್ಬರು ‘ಮಾನ್ಯರೇ’ ಎಂದರು. ವಿಧಾನಸಭೆ ಆಯಿತೆಂದು ಇನ್ನೊಬ್ಬರು ನಕ್ಕರು. ನಾನು ಭಾನುವಾರದ ಸಭೆಯಲ್ಲಿ ಬರೆದೆ: ನಮ್ಮ ಕಡೆ ಹೆಣ್ಣಿಗೂ ರೀ, ಗಂಡಿಗೂ ರೀ, ದೊಡ್ಡವರಿಗೂ ರೀ, ಅಂಗಡಿಗೆ ಬಂದ ಗಿರಾಕಿಗೂ ರೀ. ಅದೊಂದಿದ್ದರೆ ಯಾರು ಏನೆಂದು ಕೇಳುವ ಗೊಡವೆಯೇ ಇಲ್ಲ.

ಬೆಂಗಳೂರು, ಮೈಸೂರಿನ ಹುಡುಗರು ತಬ್ಬಿಬ್ಬಾದರು. ಅವರ ಕಡೆ ಹೆಂಡತಿ ಗಂಡನನ್ನು ಕರೆಯುವುದು ಹಾಗೆ! ವ್ಯಾಕರಣದ ಹುಡುಗಿ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಕಿವಿಯೆಲ್ಲ ಕೆಂಪಾಗಿ, “ಅಕ್ಕ, ಬೇಡ! ನಾನು ಅಷ್ಟು ಜನಕ್ಕೆ ರೀ ಅಂದ್ರೆ ನಮ್ಮಮ್ಮ ನನ್ನ ಮನೆಗೇ ಸೇರಿಸಲ್ಲ” ಎಂದಳು. ಆದರೂ ಒಂದು ತಿಂಗಳು ನೋಡೋಣ ಎಂದು ತೀರ್ಮಾನವಾಯಿತು. ಮೊದಲ ವಾರ ಎಲ್ಲರೂ ತಡವರಿಸಿದರು. ಎರಡನೇ ವಾರ ಇಂಜಿನಿಯರು ಧೈರ್ಯ ಮಾಡಿ, “ಇದನ್ನು ನೋಡಿ ಹೇಳ್ರೀ” ಎಂದು ಬರೆದರು. ಹೊಸದಾಗಿ ಬಂದ ಕಾಲೇಜು ಹುಡುಗಿಗೂ, ನಿವೃತ್ತ ತಹಸೀಲ್ದಾರರಿಗೂ ಒಂದೇ ರೀ. ಆರು ತಿಂಗಳಲ್ಲಿ ದಕ್ಷಿಣದ ಹುಡುಗರು ‘ಹೌದ್ರಿ’, ‘ಇಲ್ರಿ’, ‘ಭಾಳ ಚೊಲೊ ಆತ್ರಿ’ ಎಂದು ನಮಗಿಂತ ಜೋರಾಗಿ ಬರೆಯುತ್ತಿದ್ದರು, ಅರ್ಧ ತಪ್ಪು ತಪ್ಪಾಗಿ.

ಭಾನುವಾರ ಮಧ್ಯಾಹ್ನ ಕಾಕು ನಮಗೆ ಅಂಗಡಿಯ ನಾಲ್ಕೂ ಕಂಪ್ಯೂಟರು ಬಿಟ್ಟುಕೊಟ್ಟರು. ಮನೆಯಲ್ಲಿ ಕಂಪ್ಯೂಟರು ಇಲ್ಲದ, ನೆಟ್ ಕೆಫೆಯ ಮರೆಗೂಡುಗಳಿಗೆ ಹೋಗಲು ಮುಜುಗರಪಡುವ ಪುಣೆಯ ಕನ್ನಡದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಅವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಖಡಕಿ ಬಜಾರಿನಲ್ಲಿ ಕುಪ್ಪಸ ಹೊಲಿಯುತ್ತಿದ್ದ ಟೇಲರಳು. ಗುಲ್ಬರ್ಗದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವನು. ನಾಲ್ಕನೇ ಇಯತ್ತೆವರೆಗೆ ಕಲಿತ ಅವಳು ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. “ನಾ ಏನ್ ಮಾಡ್ಲಿ ಅಕ್ಕೋರ ಅಲ್ಲಿ? ನನಗೇನ್ ಬರ್ತದ?” ಎಂದವಳನ್ನು, ಓದಿ ತಿಳಿಯತದೋ ಇಲ್ಲೋ ಅಷ್ಟು ಹೇಳು ಸಾಕು ಎಂದು ಎಳೆದುಕೊಂಡು ಬಂದಿದ್ದೆ.

ಅವತ್ತು ಚರ್ಚೆಗೆ ಬಂದ ಪದ, ಮಾಡಿದ ತಪ್ಪನ್ನು ವಾಪಸು ಪಡೆಯುವ ಗುಂಡಿಯದು. ‘ರದ್ದುಗೊಳಿಸು’ ಎಂದಿತ್ತು. ಟೇಲರಳು ಕೂಡಿಸಿ ಓದಿ, “ಇದು ಬಸ್ ರದ್ದಾದಂಗ ಆತಲ್ರಿ” ಎಂದಳು. ಹಾಗಾದರೆ ಹೊಲಿಗೆ ತಪ್ಪಿದಾಗ ನೀ ಏನಂತೀ ಎಂದು ಕೇಳಿದೆ. “ಉಚ್ಚತೀನ್ರಿ” ಎಂದಳು, ಅಂದರೆ ಹೊಲಿಗೆ ಬಿಡಿಸುತ್ತೇನೆಂದು.

ಮೈಸೂರಿನ ಹುಡುಗಿ ನೀರು ಕುಡಿಯುತ್ತಿದ್ದವಳು ಮೂಗಿಗೆ ಹತ್ತಿಸಿಕೊಂಡಳು. ಅವಳ ಕಡೆ ಆ ಮಾತಿಗೆ ಹತ್ತಿರದ್ದು ಬಚ್ಚಲಿನ ವಿಷಯ. ‘ಬಿಚ್ಚು’ ಎನ್ನೋಣವೆಂದು ಇನ್ನೊಬ್ಬಾಕೆ ಹೇಳಿದ್ದಕ್ಕೆ ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಟೇಲರಳೂ ನಕ್ಕಳು, ಆದರೆ ಪಟ್ಟು ಬಿಡಲಿಲ್ಲ. ಪಕ್ಕದಲ್ಲಿದ್ದವಳ ಸೆರಗಿನ ಅಂಚು ಹಿಡಿದು ಬೆರಳಲ್ಲಿ ತೋರಿಸಿದಳು. “ನೋಡ್ರಿ, ಹೊಲಿಗಿ ಟಾಕಿ ತಪ್ಪಿತಂದ್ರ ದಾರ ಹರಿಯಂಗಿಲ್ಲ. ಸೂಜಿ ಹೋದ ದಾರೀಲೇ ಹಿಂದಕ್ಕ ತಗೋತೀವಿ. ಆಮ್ಯಾಲ ಮತ್ತ ಹಾಕ್ತೀವಿ.”

ಹುಡುಗಿ ನಗು ನಿಲ್ಲಿಸಿ ಅವಳನ್ನೇ ನೋಡಿದಳು. “ಹಿಂದೆ ತಗೋ, ಮತ್ತೆ ಹಾಕು. ಅನ್‌ಡೂ, ರೀಡೂ ಎರಡು ಗುಂಡಿಗೂ ಆಯ್ತಲ್ಲ ಅಕ್ಕ!” ಎಂದು ಕುರ್ಚಿ ಎಳೆದುಕೊಂಡು ಕೂತು ಅಲ್ಲೇ ಬರೆದು ಗುಂಪಿಗೆ ಕಳಿಸಿದಳು. ಯಾರ ಸಲಹೆ ಎಂಬ ಜಾಗದಲ್ಲಿ ಟೇಲರಳ ಪೂರ್ತಿ ಹೆಸರು. ಅದನ್ನು ಪರದೆಯ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಾಗ ಅವಳು ಸೆರಗು ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತಳು. ಆ ಪದ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಮೂರು ವಾರ ಜಗಳ ನಡೆದು, ಎರಡೂ ಕಡೆಯವರಿಗೆ ಹೊಂದುವಂತೆ ಸ್ವಲ್ಪ ಬದಲಾಗಿಯೇ ಉಳಿಯಿತು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. “ಕುಪ್ಪಸ ಅಂದ್ರ ತುಸು ಹಿಡೀಬೇಕು, ತುಸು ಬಿಡಬೇಕು” ಎಂದಳು.

ಎಲ್ಲ ಸಲವೂ ಇಷ್ಟು ಸಲೀಸಾಗಿ ನಡೆಯಲಿಲ್ಲ. ಬಂದ ಹೆಂಗಸರಲ್ಲಿ ಕೆಲವರು ಮನೆಯವರು ಬೇಡವೆಂದದ್ದಕ್ಕೆ ಬರುವುದು ಬಿಟ್ಟರು, ಹಳೆಯ ಗಂಡಸರಲ್ಲಿ ಕೆಲವರು ಮುನಿಸಿಕೊಂಡು ಹೋದರು. ಅವರಲ್ಲಿಬ್ಬರು ವರ್ಷ ಬಿಟ್ಟು ಮರಳಿ ಬಂದು, ಏನೂ ಆಗದವರಂತೆ ರೀ ಎನ್ನತೊಡಗಿದರು. ನಾವೂ ಏನೂ ಆಗದವರಂತೆ ಬರ್ರಿ ಎಂದೆವು.

ಕನ್ನಡದ ಪರದೆ ಸಿದ್ಧವಾದ ವರ್ಷ ಬೆಂಗಳೂರಿನ ಇಂಜಿನಿಯರು ಪುಣೆಯವರನ್ನೆಲ್ಲ ಕಣ್ಣಾರೆ ನೋಡಬೇಕೆಂದು ಹೆಂಡತಿಯ ಜೊತೆ ಬಂದರು. ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆಗೆ ಟೇಲರಳು ಜೇಜುರಿ ಎಂದಳು. ಅಲ್ಲಿ ಗುಡ್ಡದ ಮೇಲಿರುವುದು ಅವಳ ಮನೆದೇವರು, ಮಲ್ಲಯ್ಯ. ಒಂದು ಭಾನುವಾರ ಹದಿನಾರು ಜನ ಎಸ್‌ಟಿ ಬಸ್ಸು ಹತ್ತಿದೆವು. ನನ್ನ ಗಂಡ ಬುತ್ತಿಯ ಗಂಟು ಹೊತ್ತರು. ಕಾಕು ಮಂಡಿನೋವೆಂದು ಬಸ್ ನಿಲ್ದಾಣದವರೆಗೆ ಬಂದು ಕಳಿಸಿದರು.

ಮೆಟ್ಟಿಲುಗಳ ಮೇಲೆಲ್ಲ ಭಂಡಾರ, ದೇವರಿಗೆ ಎರಚುವ ಅರಿಶಿನ ಪುಡಿ. ಹತ್ತುವಾಗಲೇ ಎಲ್ಲರ ಮುಖ, ತಲೆ, ಪಾದ ಹಳದಿಯಾಗಿದ್ದವು. ಸುತ್ತ ಜನ “ಯೇಳಕೋಟ ಯೇಳಕೋಟ” ಎಂದು ಕೂಗುತ್ತಿದ್ದರು. ವ್ಯಾಕರಣದ ಹುಡುಗಿ ತಟ್ಟನೆ ನಿಂತು, “ಅಕ್ಕ, ಇದು ಏಳು ಕೋಟಿ! ಮರಾಠಿಯವರು ಕನ್ನಡ ಕೂಗ್ತಾ ಇದಾರೆ!” ಎಂದು ಚಪ್ಪಾಳೆ ತಟ್ಟಿದಳು. ಟೇಲರಳು, “ದೇವರಿಗೆ ಎರಡೂ ತಿಳೀತಾವ, ನಡಿ ಮ್ಯಾಲ” ಎಂದಳು.

ಇಳಿಯುವಾಗ ದೀಪಮಾಲೆ ಕಂಬದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಶೇಂಗಾ ಹಿಂಡಿಯ ಚಟ್ನಿಪುಡಿ ಮೊಸರಲ್ಲಿ ಕಲಸುತ್ತ ಒಂದು ಪದದ ಬಗ್ಗೆ ನಾನೂ ಹುಡುಗಿಯೂ ಜಗಳಕ್ಕೆ ಬಿದ್ದಿದ್ದೆವು. ಅಲ್ಲಿಯವರೆಗೆ ಸುಮ್ಮನೆ ತಿನ್ನುತ್ತಿದ್ದ ಇಂಜಿನಿಯರ ಹೆಂಡತಿ ಮೆಲ್ಲಗೆ ಒಂದು ಮಾತು ಹೇಳಿದರು. ನಮ್ಮಿಬ್ಬರದಕ್ಕಿಂತ ಒಳ್ಳೆಯ ಮಾತು. ಎಲ್ಲರೂ ತಿರುಗಿ ನೋಡಿದೆವು. ಆಕೆ ಕನ್ನಡದಲ್ಲಿ ಎಂ.ಎ. ಮಾಡಿದವರು.

“ನೀವ್ಯಾಕ ನಮ್ಮ ಗುಂಪಿನ್ಯಾಗ ಇಲ್ರಿ?” ಎಂದು ಟೇಲರಳು ಕೇಳಿದಳು.

“ಇವರು ಏಳು ವರ್ಷದಿಂದ ನಮ್ಮ ಡೈನಿಂಗ್ ಟೇಬಲ್ ಮೇಲೇ ಆ ಕೆಲಸ ಮಾಡ್ತಾರೆ. ಒಂದ್ಸಲಾನೂ ನನ್ನ ಕರೀಲಿಲ್ಲ” ಎಂದರು ಆಕೆ, ನಗುತ್ತಲೇ.

ಇಂಜಿನಿಯರ ಮುಖ ಭಂಡಾರದಡಿಯಲ್ಲೂ ಕೆಂಪಾದದ್ದು ಕಂಡಿತು. ಟೇಲರಳು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, “ಈಗ ಕರೀರಿ ಮತ್ತ. ನಾವೆಲ್ಲ ಇದೀವಿ ಸಾಕ್ಷಿಗೆ” ಎಂದಳು.

ಅವರು ಕೈ ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿ ಕೂತರು. ಎಲ್ಲರೆದುರು, ಬಹಳ ಮರ್ಯಾದೆಯಿಂದ, ನಮ್ಮ ಗುಂಪಿಗೆ ಬರುತ್ತೀರಾ ಎಂದು ಕೇಳಿದರು. ಆಕೆ ತಾನು ತಿದ್ದಿದರೆ ಮನೆಯಲ್ಲಿ ಮುಖ ದಪ್ಪ ಮಾಡಬಾರದು ಎಂಬ ಷರತ್ತು ಹಾಕಿ ಒಪ್ಪಿದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಬಳಿ ಜಾಗ ಹಿಡಿದು, ಹುಡುಗಿಯ ಚೀಲದಲ್ಲಿದ್ದ ಪದಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡರು. ಸಾಸವಡ ಬರುವ ಹೊತ್ತಿಗೆ ಗಂಡನ ಹನ್ನೊಂದು ತಪ್ಪುಗಳ ಸುತ್ತ ಹಳದಿ ಬೆರಳ ಗುರುತು ಬಿದ್ದಿತ್ತು. ಇಂಜಿನಿಯರು ಹಿಂದಿನ ಸೀಟಿನಿಂದ ಬಗ್ಗಿ ಒಂದೊಂದನ್ನೂ ನೋಡುತ್ತ, “ಹೌದಲ್ಲ, ಹೌದಲ್ಲ” ಎನ್ನುತ್ತಿದ್ದರು.